ಆಯ್ಕೆಯ ವಿವೇಕ

ಹಣವುಳ್ಳವರೆಲ್ಲ ಕೊಳ್ಳಬಲ್ಲರು, ಅರಿತು ಕೊಳ್ಳಬಲ್ಲವರು ಕೆಲವರು ಮಾತ್ರ. ಈ ಮಾತು ಇಂದಿನ ಪೇಟೆಗೆ ಸಲ್ಲುವಂತೆ ಹಿಂದಿನ ಸಂತೆಗೂ ಸಲ್ಲುತ್ತಿತ್ತು. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ವರ್ಷಕ್ಕೊಮ್ಮೆ ದನಗಳ ಜಾತ್ರೆ ಸೇರುವ ಸಂಪ್ರದಾಯವಿದೆ. ಹಳ್ಳಿಕಾರ್ ತಳಿಯ ಎತ್ತುಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಅನುಭವಿಯಾದ ರೈತನ ಕಣ್ಣು ಆ ಬಣ್ಣದ ಮೇಲೆ ನಿಲ್ಲುವುದಿಲ್ಲ. ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಗೊರಸನ್ನು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇದೆಲ್ಲಕ್ಕೂ ಮೊದಲು, ಮನೆ ಬಿಡುವಾಗಲೇ, ತನ್ನ ಹೊಲದ ಮಣ್ಣು ಎಂಥದು, ಎತ್ತಿನಿಂದ ತನಗೆ ಆಗಬೇಕಾದ ಕೆಲಸವೇನು, ಕೊಟ್ಟಿಗೆಯಲ್ಲಿ ಮೇವು ಎಷ್ಟಿದೆ ಎಂದು ಲೆಕ್ಕ ಹಾಕಿಕೊಂಡಿರುತ್ತಾನೆ. ಆದುದರಿಂದಲೇ ದಲ್ಲಾಳಿಯ ಮಾತಿನ ಮೋಡಿ ಅವನ ಮೇಲೆ ನಡೆಯುವುದಿಲ್ಲ.

ಅಂಥದೇ ರೈತನ ಮಗನೋ ಮೊಮ್ಮಗಳೋ ಇಂದು ಸ್ಮಾರ್ಟ್‌ಫೋನ್ ಕೊಳ್ಳಲು ಅಂಗಡಿಯ ಮೆಟ್ಟಿಲು ಹತ್ತಿದಾಗ, ಹಿರಿಯರ ಆ ಎಚ್ಚರ ಎಷ್ಟೋ ವೇಳೆ ಮನೆಯಲ್ಲಿಯೇ ಉಳಿದುಬಿಡುತ್ತದೆ. ಗಾಜಿನ ಕಪಾಟಿನಲ್ಲಿ ಹತ್ತಾರು ಮಾದರಿಗಳು ಹೊಳೆಯುತ್ತಿರುತ್ತವೆ. ಒಂದೇ ಕಂಪನಿಯ ಫೋನುಗಳಲ್ಲಿಯೇ ಒಂದಕ್ಕೆ ‘ಪ್ರೊ’ ಎಂಬ ಹೆಸರು, ಮತ್ತೊಂದಕ್ಕೆ ‘ಪ್ಲಸ್’, ಇನ್ನೊಂದಕ್ಕೆ ‘ಅಲ್ಟ್ರಾ’. ಬೆಲೆಯಲ್ಲಿ ಎರಡೆರಡು ಸಾವಿರದ ಅಂತರ. ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು? ಈ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ವಾಸ್ತವವಾಗಿ ಸಣ್ಣದಲ್ಲ. ದಿನಕ್ಕೆ 600 ರೂಪಾಯಿ ದುಡಿಯುವ ಕೂಲಿಕಾರನಿಗೆ 24,000 ರೂಪಾಯಿಯ ಫೋನ್ ಎಂದರೆ 40 ದಿನಗಳ ಬೆವರು. ಅಷ್ಟು ದುಡಿಮೆಯನ್ನು ಬೆಲೆಯಾಗಿ ತೆರುವ ವಸ್ತುವನ್ನು ಅರ್ಧ ಗಂಟೆಯಲ್ಲಿ, ಅಂಗಡಿಯವನ ಮಾತು ಕೇಳಿ ಆರಿಸುವುದು ವಿವೇಕವೆನಿಸದು.

ಸ್ಮಾರ್ಟ್‌ಫೋನ್ ಕೇವಲ ಭೋಗದ ವಸ್ತು, ಅದರ ಗೊಡವೆಯೇ ಬೇಡ ಎಂದು ಹೇಳಿಬಿಡುವುದೂ ಸರಿಯಾಗದು. ಭಾರತದಲ್ಲಿ ಮೊಬೈಲ್ ಫೋನಿನ ಮೊದಲ ಕರೆ ನಡೆದುದು 1995ರ ಜುಲೈ 31ರಂದು. ಅಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಗ ಅದು ಸಿರಿವಂತರ ಸಾಧನವಾಗಿತ್ತು. 2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನ್ ಜಗತ್ತಿನ ಮಾರುಕಟ್ಟೆಗೆ ಬಂದ ಬಳಿಕ, ಮಾತನಾಡುವ ಯಂತ್ರವು ಅಂಗೈಯ ಕಂಪ್ಯೂಟರ್ ಆಗಿ ಮಾರ್ಪಟ್ಟಿತು. 2016ರಲ್ಲಿ ಯುಪಿಐ ವ್ಯವಸ್ಥೆ ಜಾರಿಗೆ ಬಂದು, ಅದೇ ಯಂತ್ರವು ಜನರ ಹಣದ ಚೀಲವೂ ಆಯಿತು. 2020ರಲ್ಲಿ ಕೊರೊನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಅನೇಕ ಮಕ್ಕಳಿಗೆ ಅದೇ ಪಾಠಶಾಲೆಯಾಯಿತು. ಫೋನಿಲ್ಲದ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ ‘ವಿದ್ಯಾಗಮ’ ಯೋಜನೆಯನ್ನು ರೂಪಿಸಿ ಶಿಕ್ಷಕರನ್ನು ಮಕ್ಕಳಿದ್ದ ಕಡೆಗೆ ಕಳುಹಿಸಬೇಕಾಯಿತು. ಹೀಗೆ ಅವಶ್ಯಕತೆಯ ಸಾಲಿಗೆ ಸೇರಿದ ವಸ್ತುವನ್ನು ನಿಂದಿಸಿ ಫಲವಿಲ್ಲ. ಅದನ್ನು ಆರಿಸುವ ಬಗೆಯನ್ನು ಕಲಿಯುವುದು ಉಚಿತ.

ಸಾಮಾನ್ಯವಾಗಿ ಜನ ಅನುಸರಿಸುವ ಬಗೆ ಎಂದರೆ ಅಂಕಿಗಳನ್ನು ಹೋಲಿಸುವುದು. ಯಾವುದರ ಅಂಕಿ ದೊಡ್ಡದೋ ಅದೇ ಶ್ರೇಷ್ಠವೆಂಬ ತೀರ್ಮಾನ. ಆದರೆ ಅಂಕಿಗಳು ಸುಳ್ಳು ಹೇಳದೆಯೂ ದಾರಿ ತಪ್ಪಿಸಬಲ್ಲವು. ಕ್ಯಾಮರಾದ ಮಾತನ್ನೇ ತೆಗೆದುಕೊಳ್ಳಬಹುದು. ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಹತ್ತು ಲಕ್ಷ ಚುಕ್ಕಿಗಳು. 200 ಮೆಗಾಪಿಕ್ಸೆಲಿನ ಕ್ಯಾಮರಾ ಎಂದರೆ 20 ಕೋಟಿ ಚುಕ್ಕಿಗಳು. ಕೇಳಿದವರು ಬೆರಗಾಗುವುದು ಸಹಜ. ಆದರೆ ಇಂಥ ಕ್ಯಾಮರಾ ನಿತ್ಯದ ಬಳಕೆಯಲ್ಲಿ ಸಾಮಾನ್ಯವಾಗಿ 16 ಚುಕ್ಕಿಗಳನ್ನು ಕೂಡಿಸಿ ಒಂದಾಗಿ ಮಾಡುತ್ತದೆ. ಕೊನೆಗೆ ಕೈಗೆ ಬರುವುದು 12.5 ಮೆಗಾಪಿಕ್ಸೆಲಿನ ಚಿತ್ರ. ಇದರಲ್ಲಿ ಮೋಸವೇನೂ ಇಲ್ಲ. ಮಂದ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರಲೆಂದೇ ಹೀಗೆ ಮಾಡಲಾಗುತ್ತದೆ. ಚಿತ್ರದ ಗುಣವು ಬೆಳಕನ್ನು ಗ್ರಹಿಸುವ ಫಲಕದ ಗಾತ್ರ, ಮಸೂರದ ಗುಣಮಟ್ಟ, ಚಿತ್ರವನ್ನು ಸಂಸ್ಕರಿಸುವ ತಂತ್ರಾಂಶ ಇವೆಲ್ಲವನ್ನೂ ಅವಲಂಬಿಸಿರುತ್ತದೆ. ಇಷ್ಟನ್ನು ಅರಿತವರು 50 ಮತ್ತು 200ರ ನಡುವಿನ ಅಂತರಕ್ಕಾಗಿಯೇ ಹೆಚ್ಚು ಹಣ ತೆರುವ ಮೊದಲು ಎರಡೂ ಫೋನುಗಳಿಂದ ಒಂದೊಂದು ಚಿತ್ರ ತೆಗೆದು ನೋಡುತ್ತಾರೆ.

ಉಳಿದ ಅಂಕಿಗಳ ಪಾಡೂ ಇದೇ. ‘8+8 ಜಿಬಿ ರ‍್ಯಾಮ್’ ಎಂಬ ಬರಹ ಕೆಲವು ಡಬ್ಬಿಗಳ ಮೇಲಿರುತ್ತದೆ. ಅದರಲ್ಲಿ ಮೊದಲನೆಯ ಎಂಟು ಮಾತ್ರ ನಿಜವಾದ ರ‍್ಯಾಮ್. ಎರಡನೆಯ ಎಂಟು ಕಡತಗಳನ್ನಿಡುವ ಸಂಗ್ರಹದಿಂದ ಕಡವಾಗಿ ತಂದದ್ದು, ವೇಗದಲ್ಲಿ ಅದಕ್ಕೆ ಸಮನಲ್ಲದ್ದು. ಕೆಲವು ಪರದೆಗಳು ಸೆಕೆಂಡಿಗೆ 60 ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸಿದರೆ, ಕೆಲವು 120 ಬಾರಿ ಮೂಡಿಸುತ್ತವೆ. ಎರಡನೆಯದು ಕಣ್ಣಿಗೆ ನಯವಾಗಿ ತೋರುತ್ತದೆ. ಜೊತೆಗೆ ಬ್ಯಾಟರಿಯನ್ನೂ ಹೆಚ್ಚು ಕುಡಿಯುತ್ತದೆ. ‘ಐಪಿ 68’ ಎಂಬ ಗುರುತಿನಲ್ಲಿ ಆರು ಧೂಳಿನಿಂದ ರಕ್ಷಣೆಯನ್ನೂ ಎಂಟು ನೀರಿನಿಂದ ರಕ್ಷಣೆಯನ್ನೂ ಸೂಚಿಸುತ್ತವೆ. ಹಾಗೆಂದು ಫೋನಿನೊಡನೆ ಕೆರೆಗೆ ಇಳಿಯುವುದು ಕ್ಷೇಮವಲ್ಲ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಶುದ್ಧ ನೀರಿನಲ್ಲಿ. ಮೇಲಾಗಿ ನೀರಿನಿಂದಾದ ಹಾನಿಗೆ ಹೆಚ್ಚಿನ ಕಂಪನಿಗಳ ವಾರಂಟಿ ಅನ್ವಯಿಸುವುದಿಲ್ಲ. ಅಂಕಿಗಳನ್ನು ತಿರಸ್ಕರಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಪ್ರತಿಯೊಂದು ಅಂಕಿಯ ಮುಂದೆಯೂ ‘ಇದರಿಂದ ಆಗುವ ಪ್ರಯೋಜನವೇನು?’ ಎಂಬ ಪ್ರಶ್ನೆಯನ್ನು ನಿಲ್ಲಿಸಬೇಕು.

ಆ ಪ್ರಶ್ನೆಗೆ ಉತ್ತರ ಕೊಳ್ಳುವವರ ಬದುಕಿನಲ್ಲಿಯೇ ದೊರೆಯುತ್ತದೆ. ಬ್ಯಾಡಗಿಯ ಕಡೆಯ ಮೆಣಸಿನಕಾಯಿ ಬೆಳೆಗಾರನೊಬ್ಬನನ್ನು ಕಲ್ಪಿಸಿಕೊಂಡರೆ, ಅವನಿಗೆ ಬೇಕಾದುದು ನಡುಹಗಲ ಬಿಸಿಲಿನಲ್ಲಿಯೂ ಅಕ್ಷರ ಕಾಣಿಸುವ ಪ್ರಕಾಶಮಾನವಾದ ಪರದೆ, ಬೆಳಗಿನಿಂದ ರಾತ್ರಿಯವರೆಗೆ ಬಾಳುವ ಬ್ಯಾಟರಿ, ಮಾರುಕಟ್ಟೆಯ ಗದ್ದಲದಲ್ಲಿಯೂ ಕೇಳಿಸುವ ಧ್ವನಿ. ತೀರ್ಥಹಳ್ಳಿಯ ಕಾಡಂಚಿನ ಅಡಿಕೆ ತೋಟದವನು ಫೋನಿನ ಮಾದರಿಗಿಂತ ಮೊದಲು, ತನ್ನ ಮನೆಯವರೆಗೆ ಯಾವ ಕಂಪನಿಯ ಸಂಕೇತ ಮುಟ್ಟುತ್ತದೆ ಎಂಬುದನ್ನು ನೆರೆಯವರಿಂದ ತಿಳಿಯಬೇಕು. ಗೋಪುರವಿಲ್ಲದ ಕಡೆ ಎಷ್ಟು ಬೆಲೆಯ ಫೋನಾದರೂ ಮೂಕವೇ. ಭಾರತದಲ್ಲಿ 5ಜಿ ಸೇವೆ ಆರಂಭವಾದುದು 2022ರ ಅಕ್ಟೋಬರಿನಲ್ಲಿ. ಊರಿಗೆ ಅದು ಇನ್ನೂ ಬಾರದಿದ್ದರೂ ಐದಾರು ವರ್ಷ ಬಳಸುವ ಉದ್ದೇಶವಿದ್ದವರು ಅದಕ್ಕೆ ಒಗ್ಗುವ ಫೋನನ್ನು ಕೊಳ್ಳುವುದು ದೂರದೃಷ್ಟಿ. ಕಾಲೇಜಿನ ವಿದ್ಯಾರ್ಥಿನಿಗೆ ಪುಸ್ತಕ ಓದಲು ಅನುಕೂಲವಾದ ಪರದೆ ಮತ್ತು ಪಾಠಗಳನ್ನು ಇಟ್ಟುಕೊಳ್ಳಲು ಸಾಕಷ್ಟು ಸಂಗ್ರಹ ಮುಖ್ಯ. ಮದುವೆ ಮನೆಗಳಲ್ಲಿ ಚಿತ್ರ ತೆಗೆದು ಜೀವನ ನಡೆಸುವವನಿಗೆ ಮಾತ್ರ ಒಳ್ಳೆಯ ಕ್ಯಾಮರಾ ಅನ್ನದ ಪ್ರಶ್ನೆ. ಅದಕ್ಕಾಗಿ ಅವನು ಹೆಚ್ಚು ತೆತ್ತರೆ ಅದು ದುಂದುಗಾರಿಕೆಯಲ್ಲ.

ಮನೆಯ ಅಜ್ಜಿಗೆ ಕೊಳ್ಳುವ ಫೋನಿನ ವಿಚಾರವೇ ಬೇರೆ. ಆಕೆಗೆ ದೊಡ್ಡ ಕನ್ನಡ ಅಕ್ಷರ ಬೇಕು, ಕೈಗೆ ಭಾರವಾಗದಂತಿರಬೇಕು, ಬಾಯಿಮಾತಿನಲ್ಲಿ ಹೇಳಿದುದನ್ನು ಗ್ರಹಿಸುವಂತಿರಬೇಕು. ಒಂದು ಕಾಲದಲ್ಲಿ ಎಷ್ಟೋ ಫೋನುಗಳಲ್ಲಿ ಕನ್ನಡವು ಅಕ್ಷರದ ಬದಲು ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಒತ್ತಕ್ಷರಗಳು ಸ್ಥಳ ತಪ್ಪಿ ಚದುರುತ್ತಿದ್ದವು. ಅನೇಕರ ಪರಿಶ್ರಮದಿಂದ ಆ ಕೊರತೆ ನೀಗಿದೆ. ಆದರೂ ಅಂಗಡಿಯಲ್ಲಿಯೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ನಾಲ್ಕು ಸಾಲು ಬರೆದು ನೋಡುವುದು ಒಳ್ಳೆಯ ಪರೀಕ್ಷೆ. ಮನೆಯ ಇತರರು ಬಳಸುವಂಥದೇ ಫೋನ್ ಆದರೆ ಆಕೆ ಮೊಮ್ಮಕ್ಕಳನ್ನು ಕೇಳಿ ಕಲಿಯುವುದೂ ಸುಲಭ. ಈ ಗುಣ ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ.

ಕೆಲಸವನ್ನು ನಿಶ್ಚಯಿಸಿದ ಮೇಲೆ ಕೇಳಬೇಕಾದ ಎರಡನೆಯ ಪ್ರಶ್ನೆ: ಈ ಫೋನ್ ಎಷ್ಟು ಕಾಲ ಬಾಳುತ್ತದೆ? ಕೊಳ್ಳುವವರು ಸಾಮಾನ್ಯವಾಗಿ ಮರೆಯುವ ಪ್ರಶ್ನೆ ಇದು. ಫೋನಿನ ಆಯುಸ್ಸನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ತಂತ್ರಾಂಶ. ಕಳ್ಳರು ನುಗ್ಗಬಹುದಾದ ಹೊಸ ಹೊಸ ಬಿರುಕುಗಳು ತಂತ್ರಾಂಶದಲ್ಲಿ ಪತ್ತೆಯಾಗುತ್ತಲೇ ಇರುತ್ತವೆ. ಕಂಪನಿ ಆಗಾಗ ಕಳುಹಿಸುವ ಪರಿಷ್ಕರಣೆಗಳು ಅವನ್ನು ಮುಚ್ಚುತ್ತವೆ. ಪರಿಷ್ಕರಣೆ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಬೀಗ ಸಡಿಲವಾದ ಪೆಟ್ಟಿಗೆಯಲ್ಲಿ ಹಣವಿಟ್ಟಂತೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಮಾದರಿಗೂ 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ 24 ಮಾದರಿಗೂ ಏಳು ವರ್ಷಗಳ ಪರಿಷ್ಕರಣೆಯ ಭರವಸೆ ಕೊಟ್ಟವು. ಅಗ್ಗದ ಮಾದರಿಗಳಲ್ಲಿ ಈ ಅವಧಿ ಬಹಳ ಕಡಮೆ ಇರುವುದುಂಟು. ಆದುದರಿಂದ ವರ್ಷಗಳ ಲೆಕ್ಕವನ್ನು ಕೇಳಿಯೇ ಮುಂದುವರಿಯಬೇಕು.

ಎರಡನೆಯದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಯು ಪ್ರತಿ ಸಲ ತುಂಬಿ ಬರಿದಾದಾಗಲೂ ತನ್ನ ಶಕ್ತಿಯನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ. ಇದು ಅದರ ರಾಸಾಯನಿಕ ಸ್ವಭಾವ. ಮೂರನೆಯದು ರಿಪೇರಿ. ಹತ್ತಿರದ ಪಟ್ಟಣದಲ್ಲಿ ಕಂಪನಿಯ ಸೇವಾಕೇಂದ್ರವಿದೆಯೆ, ಪರದೆ ಒಡೆದರೆ ಹೊಸ ಪರದೆಗೆ ಎಷ್ಟಾದೀತು, ಬಿಡಿಭಾಗಗಳು ಎಷ್ಟು ವರ್ಷ ದೊರೆತಾವು ಎಂಬುದನ್ನು ಮುಂಚಿತವಾಗಿಯೇ ವಿಚಾರಿಸುವುದು ಲೇಸು. ಐರೋಪ್ಯ ಒಕ್ಕೂಟವು ಈ ಪ್ರಶ್ನೆಗಳನ್ನು ಕೊಳ್ಳುವವರ ಪಾಲಿಗಷ್ಟೇ ಬಿಡದೆ ಕಾನೂನು ಮಾಡಿದೆ. 2025ರ ಜೂನ್ 20ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿಯು 800 ಸಲ ತುಂಬಿ ಬರಿದಾದ ಮೇಲೂ ಮೊದಲಿನ ಶಕ್ತಿಯ ಶೇಕಡ 80ರಷ್ಟನ್ನಾದರೂ ಉಳಿಸಿಕೊಂಡಿರಬೇಕು. ಮುಖ್ಯ ಬಿಡಿಭಾಗಗಳು ಆ ಮಾದರಿಯ ಮಾರಾಟ ನಿಂತ ಬಳಿಕವೂ ಏಳು ವರ್ಷ ದೊರೆಯಬೇಕು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆದು, ವಸ್ತುಗಳ ದುರಸ್ತಿಯ ಮಾಹಿತಿ ಒಂದೆಡೆ ದೊರೆಯುವಂತೆ ಮಾಡಿತು.

ಬಾಳಿಕೆಯನ್ನು ತಿಳಿದಾಗ ಬೆಲೆಯ ನಿಜಸ್ವರೂಪವೂ ತಿಳಿಯುತ್ತದೆ. 12,000 ರೂಪಾಯಿಗೆ ಕೊಂಡ ಫೋನ್ ಎರಡು ವರ್ಷಕ್ಕೆ ಕೈಕೊಟ್ಟರೆ ವರ್ಷಕ್ಕೆ 6,000 ರೂಪಾಯಿ ತೆತ್ತಂತಾಯಿತು. 24,000 ರೂಪಾಯಿಯ ಫೋನ್ ಆರು ವರ್ಷ ನಡೆದರೆ ವರ್ಷಕ್ಕೆ ಬೀಳುವುದು 4,000 ರೂಪಾಯಿ. ಅಗ್ಗವೆಂದು ತಂದದ್ದು ತುಟ್ಟಿಯಾಯಿತು. ತುಟ್ಟಿಯೆಂದು ಅಂಜಿದ್ದು ಅಗ್ಗವಾಯಿತು. ಹಾಗಾದರೆ ಎಲ್ಲಕ್ಕಿಂತ ದುಬಾರಿಯಾದುದೇ ಲಾಭಕರವೆ? ಅದೂ ಅಲ್ಲ. 90,000 ರೂಪಾಯಿಯ ಫೋನ್ ಅದೇ ಆರು ವರ್ಷ ನಡೆದರೂ ವರ್ಷಕ್ಕೆ 15,000 ರೂಪಾಯಿ ಆಯಿತು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಈ ಭಾಗಾಕಾರ ಕಠಿಣವಲ್ಲ. ಆದರೆ ಅಂಗಡಿಯ ದೀಪಗಳ ನಡುವೆ ಅದನ್ನು ನೆನಪಿಟ್ಟುಕೊಳ್ಳುವುದು ದೊಡ್ಡವರಿಗೂ ಕಠಿಣ.

ಕಂತಿನ ಆಮಿಷ ಈ ಲೆಕ್ಕವನ್ನು ಇನ್ನಷ್ಟು ಮರೆಸುತ್ತದೆ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕ ಕಂಡೊಡನೆ, ತನ್ನ ಶಕ್ತಿಗೆ ಮೀರಿದ ಮಾದರಿಯೂ ಕೈಗೆಟಕುವಂತೆ ಭಾಸವಾಗುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತು. ಬಡ್ಡಿಯು ಸೇವಾಶುಲ್ಕದ ರೂಪದಲ್ಲಿಯೋ, ಕೈತಪ್ಪಿದ ರಿಯಾಯಿತಿಯ ರೂಪದಲ್ಲಿಯೋ ಅಡಗಿ ಕುಳಿತಿರಬಹುದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಹಳೆಯದಾದರೂ ಅದರ ಬೆಲೆ ಇಳಿದಿಲ್ಲ. ಹಾಸಿಗೆ ಚಿಕ್ಕದಾದವರಿಗೆ ಬಳಸಿದ ಫೋನನ್ನು ಕೊಳ್ಳುವ ದಾರಿಯೂ ಇದೆ; ಅದರಲ್ಲಿ ಅವಮಾನವೇನಿಲ್ಲ. ಆದರೆ ಫೋನಿನಲ್ಲಿ *#06# ಎಂದು ಒತ್ತಿದಾಗ ಕಾಣುವ 15 ಅಂಕಿಗಳ ಗುರುತುಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ವ್ಯವಸ್ಥೆಯಲ್ಲಿ ಪರಿಶೀಲಿಸಿ, ಅದು ಕಳವಿನ ಮಾಲಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ರಶೀದಿಯನ್ನೂ ಪಡೆಯಬೇಕು.

ಇಷ್ಟೆಲ್ಲ ಲೆಕ್ಕಾಚಾರಕ್ಕೆ ತರುಣರಿಂದ ಒಂದು ಆಕ್ಷೇಪ ಬರಬಹುದು. ಮನುಷ್ಯ ಉಪಯೋಗಕ್ಕಾಗಿ ಮಾತ್ರವೇ ಬದುಕುತ್ತಾನೆಯೆ? ಅಂದವಾದ ವಸ್ತುವನ್ನು ಬಯಸುವುದು ತಪ್ಪೆ? ಗೆಳೆಯರೆಲ್ಲ ಹೊಸ ಮಾದರಿಯ ಫೋನ್ ಹಿಡಿದಿರುವಾಗ ತಾನೊಬ್ಬನೇ ಹಳೆಯದನ್ನು ಜೇಬಿನಿಂದ ತೆಗೆಯಲು ನಾಚುವ ಬಾಲಕನ ನೋವು ನಿಜವಲ್ಲವೆ? ನಿಜ, ಆ ನೋವನ್ನು ಹಗುರವಾಗಿ ಕಾಣುವುದು ಹಿರಿಯರಿಗೆ ಶೋಭಿಸದು. ಅಂದದ ವಸ್ತುವಿನಲ್ಲಿ ಸಂತೋಷವಿದೆ, ಶಕ್ತಿಯಿದ್ದವರು ಅದನ್ನು ಪಡೆಯಬಾರದೆಂಬ ಕಟ್ಟಳೆಯೂ ಇಲ್ಲ. ಆದರೆ ಫೋನಿನಿಂದ ಕೊಂಡ ಗೌರವ ಆ ಫೋನಿನಷ್ಟೇ ಅಲ್ಪಾಯು. ಮುಂದಿನ ವರ್ಷ ಹೊಸ ಮಾದರಿ ಬಂದ ದಿನ ಅದು ತಾನಾಗಿಯೇ ಕಳಚಿ ಬೀಳುತ್ತದೆ. ಅದನ್ನು ಉಳಿಸಿಕೊಳ್ಳಲು ಮತ್ತೆ ತಂದೆಯ 40 ದಿನಗಳ ದುಡಿಮೆ ಬೇಕು. ಇನ್ನು, ಒಬ್ಬನ ಕೈಯ ಫೋನ್ ನೋಡಿ ಅವನ ಯೋಗ್ಯತೆಯನ್ನು ಅಳೆಯುವ ಗೆಳೆಯರ ತಪ್ಪನ್ನು, ಅವನು ಸಾಲ ಮಾಡಿ ತಿದ್ದಬೇಕಾಗಿಲ್ಲ. ಹಳೆಯ ಫೋನನ್ನು ಸಂಕೋಚವಿಲ್ಲದೆ ಹೊರತೆಗೆಯುವ ಹುಡುಗನೊಬ್ಬನಿದ್ದರೆ, ಅವನಂತೆಯೇ ನಾಚುತ್ತಿದ್ದ ಮತ್ತಿಬ್ಬರಿಗೆ ಧೈರ್ಯ ಬರುತ್ತದೆ.

ಈ ಆಯ್ಕೆಯ ಪರಿಣಾಮ ಒಂದು ಮನೆಯ ಹಣಕ್ಕೆ ಮಾತ್ರ ಸೀಮಿತವಾಗಿಲ್ಲ. ಪ್ರತಿಯೊಂದು ಫೋನಿನೊಳಗೂ ಭೂಗರ್ಭದಿಂದ ಬಗೆದು ತೆಗೆದ ತಾಮ್ರ, ಲಿಥಿಯಂ, ಕೋಬಾಲ್ಟ್ ಮೊದಲಾದ ಲೋಹಗಳಿವೆ. ಅತ್ಯಲ್ಪ ಪ್ರಮಾಣದಲ್ಲಿ ಚಿನ್ನವೂ ಇದೆ. ಕನ್ನಡ ನಾಡಿಗೆ ಈ ಚಿನ್ನದ ಬೆಲೆ ಚೆನ್ನಾಗಿ ಗೊತ್ತು. ಕೋಲಾರದ ಗಣಿಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು, ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕ ಆಳದವರೆಗೆ ಇಳಿದು, ಬೇಗೆಯಲ್ಲಿ ಬೆಂದು, ಕಾರ್ಮಿಕರು ಅದನ್ನು ತೆಗೆದರು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಅದೇ ಜಿಲ್ಲೆಯ ನರಸಾಪುರದಲ್ಲಿ ಇಂದು ಐಫೋನುಗಳನ್ನು ಜೋಡಿಸುವ ಕಾರ್ಖಾನೆಯಿದೆ. ತೈವಾನಿನ ವಿಸ್ಟ್ರಾನ್ ಕಂಪನಿ ಕಟ್ಟಿದ ಅದನ್ನು 2023ರಲ್ಲಿ ಟಾಟಾ ಸಮೂಹ ವಹಿಸಿಕೊಂಡಿತು. ಒಂದು ಕಾಲದಲ್ಲಿ ಚಿನ್ನವನ್ನು ಬಗೆದ ಜಿಲ್ಲೆಯ ಕೈಗಳು, ಈಗ ಚಿನ್ನದ ಕಣವನ್ನು ಒಡಲಲ್ಲಿಟ್ಟುಕೊಂಡ ಯಂತ್ರವನ್ನು ಜೋಡಿಸುತ್ತಿವೆ.

ಅಷ್ಟು ಶ್ರಮದಿಂದ ಬಂದುದು ಕೊನೆಗೆ ಸೇರುವುದೆಲ್ಲಿ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಬಿದ್ದಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದುದಕ್ಕೆ ಲೆಕ್ಕ ಸಿಗುವುದು ಶೇಕಡ 22.3ಕ್ಕೆ ಮಾತ್ರ. ಉಳಿದುದು ಮನೆಯ ಮೂಲೆಗಳಲ್ಲಿ, ಗುಜರಿಯಲ್ಲಿ, ಕಸದ ಗುಂಡಿಗಳಲ್ಲಿ ಕರಗಿಹೋಗುತ್ತದೆ. ಕೆಟ್ಟ ಫೋನನ್ನು ಕಸದ ಬುಟ್ಟಿಗೆ ಎಸೆಯದೆ ಅಧಿಕೃತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವುದು ಒಳ್ಳೆಯ ನಾಗರಿಕನ ಕರ್ತವ್ಯ. ಅದಕ್ಕಿಂತ ಮಿಗಿಲಾದುದು, ಬಾಳುವ ಫೋನನ್ನು ಆರಿಸಿ, ಅದನ್ನು ಜೋಪಾನವಾಗಿ ಬಳಸಿ, ಮುಂದಿನ ಫೋನನ್ನು ಕೊಳ್ಳುವ ದಿನವನ್ನು ಮುಂದೂಡುವುದು.

ಶ್ರೇಷ್ಠವಾದ ಫೋನ್ ಯಾವುದೆಂಬ ಪ್ರಶ್ನೆಗೆ ಜಾಹೀರಾತುಗಳು ಪ್ರತಿ ತಿಂಗಳೂ ಒಂದು ಹೊಸ ಹೆಸರನ್ನು ಹೇಳುತ್ತವೆ. ತನಗೆ ತಕ್ಕ ಫೋನ್ ಯಾವುದೆಂಬ ಪ್ರಶ್ನೆಗೆ ಉತ್ತರಿಸಬಲ್ಲವರು ಕೊಳ್ಳುವವರು ಮಾತ್ರ. ಅದಕ್ಕೆ ಬೇಕಾಗುವ ಸಾಧನ ಒಂದು ಹಾಳೆ, ಒಂದು ಪೆನ್ಸಿಲು. ಆಗಬೇಕಾದ ಕೆಲಸ, ಬಾಳಬೇಕಾದ ವರ್ಷ, ಕೊಡಬಲ್ಲ ಹಣ—ಈ ಮೂರನ್ನು ಮನೆಯಲ್ಲಿಯೇ ಕುಳಿತು ಬರೆದುಕೊಂಡು ಹೊರಟವರಿಗೆ ಅಂಗಡಿಯ ನೂರು ಮಾದರಿಗಳಲ್ಲಿ ತೊಂಬತ್ತು ತಾವಾಗಿಯೇ ದೂರ ಸರಿಯುತ್ತವೆ. ಉಳಿದ ಹತ್ತರಲ್ಲಿ ಒಂದನ್ನು ಆರಿಸುವಾಗ ಬಣ್ಣ ನೋಡಿದರೂ ಚಿಂತೆಯಿಲ್ಲ. ಹೀಗೆ ಆರಿಸಲು ಕಲಿತ ವಿದ್ಯಾರ್ಥಿ ನಾಳೆ ಬೈಕನ್ನೋ, ಮನೆಯನ್ನೋ, ಓದುವ ಕೋರ್ಸನ್ನೋ ಆರಿಸುವ ದಿನ ಬಂದಾಗ, ಹೊಳಪಿಗೆ ಮರುಳಾಗದೆ ನಿಂತು ಯೋಚಿಸುವ ಅಭ್ಯಾಸವನ್ನು ಆಗಲೇ ಗಳಿಸಿಕೊಂಡಿರುತ್ತಾನೆ.